ಪೋಸ್ಟ್‌ಗ್ರೆಸ್ ಸರ್ವರ್‌ನಲ್ಲಿ ಪಿಎಸ್ ಕೊಟ್ಟರೆ ಉದ್ದ ಪಟ್ಟಿ, ಮೆಮೊರಿ ಲೆಕ್ಕವೇ ಕೂಡ್ತಿಲ್ಲ

ಬ್ಯಾಡಗಿ_ಬಿಲ್ಲಿಂಗ್:
ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಕೆಲವು ದಲಾಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಲಿನಕ್ಸ್, 16 ಜಿಬಿ ರ್‍ಯಾಮ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಮೆಣಸಿನಕಾಯಿ ಸೀಸನ್‌ನಲ್ಲಿ ಟೆಂಡರ್ ಮುಗಿದು ಎಲ್ಲರೂ ಒಟ್ಟಿಗೆ ಬಿಲ್ ಹಾಕೋಕೆ ಕೂತಾಗ ಸಿಸ್ಟಮ್ ತುಂಬಾ ನಿಧಾನ. ಆಗ ಪಿಎಸ್ (ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೆ ಪೋಸ್ಟ್‌ಗ್ರೆಸ್ ಪ್ರೋಸೆಸ್‌ಗಳೇ ಎಪ್ಪತ್ತರ ಮೇಲಿವೆ. ಆರ್‌ಎಸ್‌ಎಸ್ (ಪ್ರತಿ ಪ್ರೋಸೆಸ್ ಮೆಮೊರಿಯಲ್ಲಿ ಹಿಡಿದ ಜಾಗ) ಕಾಲಂ ಕೂಡಿಸಿದರೆ 40 ಜಿಬಿ ದಾಟುತ್ತದೆ, ಇರೋದೇ 16! ಆದರೂ ಸ್ವ್ಯಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಮುಟ್ಟಿಲ್ಲ. ಸಾಲಿನ ಕೊನೆಗೆ ಕೆಲವಕ್ಕೆ ‘ಐಡಲ್’, ಕೆಲವಕ್ಕೆ ‘ಐಡಲ್ ಇನ್ ಟ್ರಾನ್ಸಾಕ್ಷನ್’, ಎರಡು ಮೂರಕ್ಕೆ ‘ಅಪ್‌ಡೇಟ್ ವೇಟಿಂಗ್’. ಸುಮ್ನೆ ಕೂತವಕ್ಕೆಲ್ಲ ಕಿಲ್ ಮೈನಸ್ 9 (ಬಲವಂತವಾಗಿ ನಿಲ್ಲಿಸುವ ಕಮಾಂಡ್) ಕೊಟ್ಟುಬಿಡಲಾ?

ಧಾರವಾಡ_ಡಿಬಿಎ:
ಅದೊಂದು ಮಾಡಬೇಡಿ ರೀ! ಒಂದು ಬ್ಯಾಕೆಂಡ್ (ಒಂದು ಕನೆಕ್ಷನ್ ನೋಡಿಕೊಳ್ಳುವ ಪ್ರೋಸೆಸ್) ಹಾಗೆ ಸತ್ತರೆ, ಶೇರ್ಡ್ ಮೆಮೊರಿ ಕೆಟ್ಟಿರಬಹುದು ಅಂತ ತಾಯಿ ಪ್ರೋಸೆಸ್ ಉಳಿದ ಎಲ್ಲ ಕನೆಕ್ಷನ್‌ಗಳನ್ನೂ ಕಡಿದು ರಿಕವರಿ ಶುರು ಮಾಡುತ್ತದೆ. ಎಲ್ಲ ಅಂಗಡಿಗಳ ಬಿಲ್ಲಿಂಗ್ ಒಂದೇ ಸಲ ನಿಲ್ಲುತ್ತದೆ, ಆಮೇಲೆ ಫೋನ್ ಯಾರಿಗೆ ಬರುತ್ತದೆ ಅಂತ ನಿಮಗೇ ಗೊತ್ತು.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಕನೆಕ್ಷನ್‌ಗೆ ಒಂದು ಪ್ರೋಸೆಸ್. ಅದಕ್ಕೇ ಪಟ್ಟಿ ಉದ್ದ. ಯೂಸರ್, ಡೇಟಾಬೇಸ್, ಎಲ್ಲಿಂದ ಬಂದಿದೆ, ಈಗ ಏನು ಮಾಡುತ್ತಿದೆ, ಎಲ್ಲ ಆ ಸಾಲಿನಲ್ಲೇ ಇರುತ್ತದೆ. ಚೆಕ್‌ಪಾಯಿಂಟರ್, ವಾಲ್‌ರೈಟರ್, ಆಟೋವ್ಯಾಕ್ಯೂಮ್ ಲಾಂಚರ್ ಇವು ಸರ್ವರ್‌ನ ಸ್ವಂತ ಕೆಲಸದವು, ಮುಟ್ಟಬೇಡಿ.

ಮೆಮೊರಿ ವಿಷಯ: ಮನೆಯ ಪಡಸಾಲೆಯನ್ನು ಅಣ್ಣತಮ್ಮಂದಿರೆಲ್ಲ ತಮ್ಮ ತಮ್ಮ ಲೆಕ್ಕದಲ್ಲಿ ಬರೆದುಕೊಂಡ ಹಾಗೆ, ಒಂದೇ ಶೇರ್ಡ್ ಬಫರ್ಸ್ (ಎಲ್ಲ ಪ್ರೋಸೆಸ್‌ಗಳೂ ಹಂಚಿಕೊಳ್ಳುವ ಮೆಮೊರಿ) ಪ್ರತಿ ಪ್ರೋಸೆಸ್‌ನ ಆರ್‌ಎಸ್‌ಎಸ್‌ನಲ್ಲೂ ಎಣಿಕೆಯಾಗುತ್ತಿದೆ. ಅದನ್ನು ಕೂಡಿಸಿ ಅರ್ಥವಿಲ್ಲ. ಪ್ರೊಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ (ಪ್ರೋಸೆಸ್ ನಂಬರ್) ಸ್ಮ್ಯಾಪ್ಸ್ ಫೈಲ್ ತೆಗೆದು ಪಿಎಸ್‌ಎಸ್ ನೋಡಿ, ಅದು ಹಂಚಿಕೊಂಡದ್ದನ್ನು ಪಾಲು ಹಾಕಿ ತೋರಿಸುತ್ತದೆ.

ಹುಬ್ಬಳ್ಳಿ_ರೂಟ್:
ಮೈಎಸ್‌ಕ್ಯೂಎಲ್ ಡೇಟಾಬೇಸ್ ಹಾಕಿದ್ದರೆ ಈ ಗೋಳೇ ಇರುತ್ತಿರಲಿಲ್ಲ, ಒಂದೇ ಪ್ರೋಸೆಸ್ ಕಾಣುತ್ತದೆ 😄

ಧಾರವಾಡ_ಡಿಬಿಎ:
ಒಳಗೆ ಕನೆಕ್ಷನ್‌ಗೊಂದು ಥ್ರೆಡ್ (ಪ್ರೋಸೆಸ್ ಒಳಗೇ ಓಡುವ ಕೆಲಸದ ಎಳೆ) ಇರುತ್ತದಲ್ವಾ! ಟಾಪ್ ಕಮಾಂಡ್‌ಗೆ ಮೈನಸ್ ದೊಡ್ಡ ಎಚ್ ಕೊಟ್ಟು ನೋಡಿ.

ಗದಗ_ಬ್ಯಾಕೆಂಡ್:
ಮೆಮೊರಿ ಬಿಡಿ, ನಿಮ್ಮ ತೊಂದರೆ ಆ ‘ವೇಟಿಂಗ್’ ಸಾಲುಗಳಲ್ಲಿದೆ. ಬರೀ ‘ಐಡಲ್’ ಅಂದರೆ ಮುಂದಿನ ಕ್ವೆರಿಗೆ ಕಾಯುತ್ತಿದೆ, ತೊಂದರೆ ಇಲ್ಲ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂದರೆ ಟ್ರಾನ್ಸಾಕ್ಷನ್ ಬಿಗಿನ್ (ಶುರು) ಆಗಿ ಕಮಿಟ್ (ಪಕ್ಕಾ) ಆಗಿಲ್ಲ, ಹಿಡಿದ ಲಾಕ್ (ಬೇರೆಯವರು ಬದಲಿಸದಂತೆ ಹಾಕಿದ ಬೀಗ) ಬಿಟ್ಟಿಲ್ಲ, ಜಾಸ್ತಿ ಹೊತ್ತು ಹಾಗೇ ಇದ್ದರೆ ವ್ಯಾಕ್ಯೂಮ್ (ಡೇಟಾಬೇಸ್ ಗುಡಿಸುವ ಕೆಲಸ) ಬೇಡವಾದ ಹಳೇ ಸಾಲುಗಳನ್ನು ತೆಗೆಯೋಕೂ ಆಗುವುದಿಲ್ಲ. ಯಾರು ಯಾರನ್ನು ತಡೆದಿದ್ದಾರೆ ಅಂತ ಪಿಎಸ್ ಹೇಳುವುದಿಲ್ಲ. ಕಾಯುತ್ತಿರುವ ಪಿಐಡಿಯನ್ನು ‘ಪಿಜಿ ಬ್ಲಾಕಿಂಗ್ ಪಿಡ್ಸ್’ ಫಂಕ್ಷನ್‌ಗೆ ಕೊಡಿ, ತಡೆದವರ ಪಿಐಡಿ ಬರುತ್ತದೆ. ಅದನ್ನು ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ಯಲ್ಲಿ ಹುಡುಕಿದರೆ ಕೊನೆಯ ಕ್ವೆರಿ ಸಿಗುತ್ತದೆ. ತೆಗೆಯಲೇಬೇಕಿದ್ದರೆ ‘ಪಿಜಿ ಟರ್ಮಿನೇಟ್ ಬ್ಯಾಕೆಂಡ್’.

ಬ್ಯಾಡಗಿ_ಬಿಲ್ಲಿಂಗ್:
ಸಿಕ್ತು ಸರ್. ಎಲ್ಲವೂ ಬಿಲ್ ಪ್ರಿವ್ಯೂ ಸ್ಕ್ರೀನ್‌ನಿಂದ ಬಂದವು. ಬಿಲ್ ನಂಬರ್ ಸಾಲಿಗೆ ಲಾಕ್ ಹಾಕಿ, ಗುಮಾಸ್ತ ಪ್ರಿಂಟ್ ಒತ್ತುವವರೆಗೆ ಕಮಿಟ್ ಇಲ್ಲ. ಆತ ಚಹಾಕ್ಕೆ ಹೋದರೆ ಮುಗೀತು! ಕೋಡ್ ಬರೆದದ್ದು ಬೇರೆಯವರು, ತಿದ್ದೋಕೆ ಟೈಮ್ ಬೇಕಂತೆ.

ಗದಗ_ಬ್ಯಾಕೆಂಡ್:
ಅಲ್ಲಿವರೆಗೆ ‘ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್ಔಟ್’ ಸೆಟ್ಟಿಂಗ್ 2 ನಿಮಿಷಕ್ಕೆ ಇಡಿ, ಪೋಸ್ಟ್‌ಗ್ರೆಸ್ 9.6 ಆವೃತ್ತಿಯಿಂದ ಇದೆ. ಕನೆಕ್ಷನ್ ಕಡಿದಾಗ ಪ್ರಿವ್ಯೂದಲ್ಲಿದ್ದ ಬಿಲ್ ಹೋಗುತ್ತದೆ, ಅಂಗಡಿಯವರಿಗೆ ಮೊದಲೇ ಹೇಳಿಡಿ.