ಸಹಾಯ ಬೇಕು: 1942ರ ಸಿಂಗಪುರದ ಅಡುಗೆಮನೆ
ಎಲ್ಲರಿಗೂ ನಮಸ್ಕಾರ. ಜಪಾನೀಯರ ಆಳ್ವಿಕೆಯ ಮೊದಲ ವರ್ಷದ ಸಿಂಗಪುರದ ಮೇಲೆ ಒಂದು ಚಿಕ್ಕ ನಾಟಕ ಬರೆಯುತ್ತಿದ್ದೇನೆ. 1942ರ ಫೆಬ್ರವರಿ 15ರಂದು ಬ್ರಿಟಿಷರು ಶರಣಾದರು. ಊರಿನ ಹೆಸರು ಸ್ಯೋನಾನ್ ಆಯಿತು, ಗಡಿಯಾರ ಟೋಕಿಯೊ ಸಮಯಕ್ಕೆ ತಿರುಗಿತು, ಜಪಾನೀ ಸಾಮ್ರಾಜ್ಯದ ಕಾಲಗಣನೆಯಂತೆ ಇಸವಿ ಕೂಡ 2602 ಆಯಿತು! ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನನಗೆ ಬೇಕಿರುವುದು ಅಡುಗೆಮನೆ. ಅಕ್ಕಿ ರೇಷನ್ ಆದ ಮೇಲೆ ಜನ ಜಾಸ್ತಿ ಮರಗೆಣಸು, ಸಿಹಿಗೆಣಸು ತಿಂದೇ ಬದುಕಿದರು. ಅಲ್ಲಿನ ತಮಿಳು ಮನೆಗಳಲ್ಲಿ ಮರಗೆಣಸಿನಿಂದ ಏನೇನು ಮಾಡುತ್ತಿದ್ದರು? ಇಡ್ಲಿ, ದೋಸೆಯ ಗತಿ ಏನಾಯಿತು? ಸಿಂಗಪುರದಲ್ಲಿರುವವರು ಪರಿಚಯದ ಹಿರಿಯರನ್ನು ಕೇಳಿ ಹೇಳುತ್ತೀರಾ? ಹಾಗೇ, ಬಾಳೆಗಿಡದ ಚಿತ್ರವಿದ್ದ ಆಗಿನ 10 ಡಾಲರ್ ನೋಟಿನ ಸ್ಪಷ್ಟ ಫೋಟೊ ಇದ್ದರೆ ಕಳಿಸಿ. ರಂಗದ ಮೇಲೆ ಸುಮ್ನೆ ಯಾವುದೋ ಬಣ್ಣದ ಕಾಗದ ತೋರಿಸಲು ಮನಸ್ಸಿಲ್ಲ.