ಎಂಜಿನ್‌ಎಕ್ಸ್ 1.20.0ರ ಫೋರ್ಕ್ ಅನ್ನು ಫಾರ್ವರ್ಡ್ ಪ್ರಾಕ್ಸಿಗಾಗಿ ಮುಂದುವರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಒಳಜಾಲದ ಸರ್ವರ್‌ಗಳು ಹೊರಗಿನ ತಾಣಗಳನ್ನು ತಲುಪುವುದು ಎಂಜಿನ್‌ಎಕ್ಸ್ (nginx) ಎಂಬ ವೆಬ್ ಸರ್ವರ್‌ನ ಒಂದು ಫೋರ್ಕ್, ಅಂದರೆ ನಾವೇ ತಿದ್ದಿಕೊಂಡ ಪ್ರತಿಯ ಮೂಲಕ. ಅದು ಫಾರ್ವರ್ಡ್ ಪ್ರಾಕ್ಸಿ, ಅಂದರೆ ಅವುಗಳ ಪರವಾಗಿ ಹೊರಗಿನ ತಾಣಗಳನ್ನು ಸಂಪರ್ಕಿಸುವ ಮಧ್ಯವರ್ತಿ. 1.20.0 ಆವೃತ್ತಿಯ ಮೇಲೆ ಕನೆಕ್ಟ್ ವಿಧಾನವನ್ನು (ಪ್ರಾಕ್ಸಿಯ ಮೂಲಕ ಹೊರಗಿನ ತಾಣಕ್ಕೆ ಸುರಂಗ ತೆರೆಯಿಸುವ ಎಚ್‌ಟಿಟಿಪಿ ವಿನಂತಿ) ಬೆಂಬಲಿಸುವ ಪ್ಯಾಚ್ ಹಾಕಿ, ಆಕ್ಸೆಸ್ ಲಾಗ್‌ನಲ್ಲಿ ನಮಗೆ ಬೇಕಾದ ಕೆಲವು ವಿವರಗಳು ಬರುವಂತೆ ಮೂಲ ಕೋಡನ್ನೇ ತಿದ್ದಿ, ಇದನ್ನು ಕಟ್ಟಲಾಗಿದೆ. ಈಗ ಇದರ ನಿರ್ವಹಣೆ ನನ್ನ ಪಾಲಿಗೆ ಬಂದಿದೆ. ಹೊಸ ಆವೃತ್ತಿಯನ್ನು ಮರ್ಜ್ ಮಾಡಲು (ನಮ್ಮ ಕೋಡ್‌ನೊಂದಿಗೆ ಬೆರೆಸಲು) ಹೊರಟರೆ ಸಂಘರ್ಷಗಳು ರಾಶಿ ಬೀಳುತ್ತವೆ. ಯಾವ ಸಾಲು ನಮ್ಮದು, ಯಾವುದು ಮೂಲದ್ದು ಎಂಬುದೇ ತಿಳಿಯುವುದಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ 1

ಆವೃತ್ತಿ ಏರಿಸುವ ಮಾತು ಆಮೇಲೆ ಇರಲಿ. ಇಂದೇ ಮಾಡಬೇಕಾದ ಕೆಲಸ ಬೇರೆ ಇದೆ. 0.6.18ರಿಂದ 1.20.0ರವರೆಗಿನ ಎಲ್ಲ ಆವೃತ್ತಿಗಳ ರಿಸಾಲ್ವರ್‌ನಲ್ಲಿ (ತಾಣದ ಹೆಸರಿಗೆ ಡಿಎನ್ಎಸ್ ಮೂಲಕ ವಿಳಾಸ ಹುಡುಕುವ ಭಾಗ) ಸಿವಿಇ-2021-23017 ಎಂಬ ಭದ್ರತಾ ದೋಷವಿದೆ. ಡಿಎನ್ಎಸ್ ಸರ್ವರ್‌ನಿಂದ ಬಂದಂತೆ ನಟಿಸುವ ಯುಡಿಪಿ ಪ್ಯಾಕೆಟ್ ಕಳುಹಿಸಬಲ್ಲವರು ಮೆಮೊರಿಯ ಒಂದು ಬೈಟನ್ನು ಮೀರಿ ಬರೆಯಿಸಬಹುದು, ವಿನಂತಿಗಳನ್ನು ನಿಭಾಯಿಸುವ ವರ್ಕರ್ ಪ್ರಕ್ರಿಯೆಯನ್ನು ಬೀಳಿಸಬಹುದು. ರಿಸಾಲ್ವರ್ ನಿರ್ದೇಶನವನ್ನೇ ಬಳಸದ ಸಾಮಾನ್ಯ ವೆಬ್ ಸರ್ವರ್‌ಗೆ ಇದರ ಬಿಸಿ ತಟ್ಟುವುದಿಲ್ಲ. ಆದರೆ ಫಾರ್ವರ್ಡ್ ಪ್ರಾಕ್ಸಿ ಎಂದರೆ ಬಳಕೆದಾರರು ಕೇಳಿದ ಹೆಸರುಗಳನ್ನು ಹುಡುಕುತ್ತಲೇ ಇರುವ ಯಂತ್ರ. 1.20.1ರಲ್ಲಿ ಬಂದ ಪರಿಹಾರ ತೀರ ಚಿಕ್ಕದು; ಅದೊಂದನ್ನೇ ನಿಮ್ಮ ಫೋರ್ಕ್‌ಗೆ ಚೆರ್ರಿ-ಪಿಕ್ ಮಾಡಿ (ಆರಿಸಿ ತಂದು) ಬಿಡುಗಡೆ ಮಾಡಿ.

ಅದಾದ ಮೇಲೆ ಮರ್ಜ್ ಮಾಡುವ ಪದ್ಧತಿಯನ್ನೇ ಕೈಬಿಡಿ. ಮೂಲದ 1.20.0 ಟ್ಯಾಗ್ (ಆ ಬಿಡುಗಡೆಯ ಕೋಡ್‌ಗೆ ಗಿಟ್‌ನಲ್ಲಿರುವ ಗುರುತು) ಇಟ್ಟುಕೊಂಡು, ನಿಮ್ಮ ಕೋಡ್‌ಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಒಟ್ಟಾರೆಯಾಗಿ ತೆಗೆದು, ಒಂದು ಉದ್ದೇಶಕ್ಕೆ ಒಂದು ಕಮಿಟ್ (ದಾಖಲಾದ ಬದಲಾವಣೆ) ಎಂಬಂತೆ ಬಿಡಿಸಿ, ಪ್ರತಿಯೊಂದರ ಸಂದೇಶದಲ್ಲಿ ಆ ಬದಲಾವಣೆ ಏಕೆ ಬೇಕಾಯಿತು ಎಂದು ಬರೆಯಿರಿ. ಕಾರಣ ಬರೆಯಲಾಗದ ಬದಲಾವಣೆ ಬಹುಮಟ್ಟಿಗೆ ಬೇಡವಾದದ್ದೇ ಆಗಿರುತ್ತದೆ. ಲಾಗ್‌ನ ತಿದ್ದುಪಡಿಗಳು ಮೂಲ ಕೋಡ್‌ನಲ್ಲಿ ಇರಲೇಬೇಕಾಗಿಲ್ಲ: ಹೊಸ ವೇರಿಯಬಲ್ ಒದಗಿಸುವ ಪುಟ್ಟ ಮಾಡ್ಯೂಲ್ ಬರೆದು, ಆ ವೇರಿಯಬಲನ್ನು ಲಾಗ್ ಫಾರ್ಮ್ಯಾಟ್‌ನಲ್ಲಿ ಹೆಸರಿಸಿದರೆ ಸಾಕು, ಮತ್ತು 1.9.11ರಿಂದ ಈಚೆಗೆ ಮಾಡ್ಯೂಲ್‌ಗಳನ್ನು ಪ್ರತ್ಯೇಕವಾಗಿ ಕಟ್ಟಿ ಲೋಡ್ ಮಾಡಬಹುದು.

ಕೊನೆಗೆ ಉಳಿಯುವುದು ಕನೆಕ್ಟ್ ಪ್ಯಾಚ್. ಅದನ್ನು ಒಂದೊಂದೇ ಬಿಡುಗಡೆಯ ಟ್ಯಾಗ್ ಮೇಲೆ ರೀಬೇಸ್ ಮಾಡುತ್ತ (ಹೊಸದಾಗಿ ಕೂರಿಸುತ್ತ) ಬನ್ನಿ, ಒಮ್ಮೆಲೇ ಹಾರಬೇಡಿ. 1.21.1ರಲ್ಲಿ ನಿಮಗೆ ತಡೆ ಎದುರಾಗುತ್ತದೆ, ಏಕೆಂದರೆ ಕನೆಕ್ಟ್ ವಿಧಾನಕ್ಕೆ ಯಾವಾಗಲೂ ದೋಷವನ್ನೇ ಹಿಂತಿರುಗಿಸುವ ತಪಾಸಣೆಯನ್ನು ಮೂಲ ತಂಡ ಆ ಆವೃತ್ತಿಯಲ್ಲಿ ಸೇರಿಸಿತು. ವಿನಂತಿ ಎಲ್ಲಿ ಮುಗಿಯುತ್ತದೆಂದು ತಿಳಿಸುವ ಕಂಟೆಂಟ್-ಲೆಂಗ್ತ್ ಮತ್ತು ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಎರಡೂ ಹೆಡರ್‌ಗಳಿರುವ ವಿನಂತಿಯನ್ನು ನಿರಾಕರಿಸುವ ನಿಯಮವೂ ಅದೇ ಆವೃತ್ತಿಯದು. ಮೊದಲನೆಯದನ್ನು ನೀವು ಸಡಿಲಿಸಲೇಬೇಕು. ಎರಡನೆಯದನ್ನು ಯಾವ ಹಳೆಯ ಕ್ಲೈಂಟ್‌ನ ಸಲುವಾಗಿಯೂ ಸಡಿಲಿಸಬೇಡಿ, ವಿನಂತಿ ಕಳ್ಳಸಾಗಣೆಗೆ (ಒಂದು ವಿನಂತಿಯೊಳಗೆ ಇನ್ನೊಂದನ್ನು ಅಡಗಿಸಿ ದಾಟಿಸುವ ದಾಳಿ) ಪ್ರಾಕ್ಸಿಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಗಿಟ್‌ನ ರೇಂಜ್-ಡಿಫ್ ಆಜ್ಞೆಯಿಂದ ಹಳೆಯ ಮತ್ತು ಹೊಸ ಪ್ಯಾಚ್ ಸರಣಿಗಳನ್ನು ಹೋಲಿಸಿದರೆ, ರೀಬೇಸ್ ಮಾಡುವಾಗ ಏನು ಜಾರಿಹೋಯಿತೆಂಬುದು ಕಣ್ಣಿಗೆ ಬೀಳುತ್ತದೆ.

ಉತ್ತರ 2

ಮೇಲಿನ ಉತ್ತರದ ವಿಧಾನ ಸರಿಯಾಗಿದೆ. ಆದರೆ ಫೋರ್ಕ್ ಇರಲೇಬೇಕೇ ಎಂಬ ಪ್ರಶ್ನೆಯನ್ನು ಅದು ಮುಟ್ಟಿಲ್ಲ. ಲಾಗ್‌ನ ಬದಲಾವಣೆಗಳು ಮಾಡ್ಯೂಲ್‌ಗೆ ಹೋದ ಮೇಲೆ ಉಳಿಯುವುದು ಕನೆಕ್ಟ್ ಒಂದೇ ಆದರೆ, ಸ್ಕ್ವಿಡ್ ಎಂಬ ಪ್ರಾಕ್ಸಿಯಲ್ಲಿ ಅದು ಮೊದಲಿನಿಂದಲೂ ಇದೆ, ಎನ್‌ವಾಯ್ ಎಂಬ ಇನ್ನೊಂದು ಪ್ರಾಕ್ಸಿಯಲ್ಲಿಯೂ ಇದೆ. ಎಂಜಿನ್‌ಎಕ್ಸ್‌ನ ಸಂರಚನೆಯನ್ನೇ ಉಳಿಸಿಕೊಳ್ಳಬೇಕೆಂದರೆ, ಚೀನಾದ ಆನ್‌ಲೈನ್ ಮಾರಾಟ ತಾಣ ಟಾವ್‌ಬಾವ್ 2011ರಲ್ಲಿ ಮುಕ್ತಗೊಳಿಸಿದ ಟೆಂಜಿನ್ ಎಂಬ ಎಂಜಿನ್‌ಎಕ್ಸ್ ಫೋರ್ಕ್‌ನಲ್ಲಿ ಕನೆಕ್ಟ್ ಮಾಡ್ಯೂಲ್ ಸೇರಿಯೇ ಬರುತ್ತದೆ. ಎಂಜಿನ್‌ಎಕ್ಸ್‌ನ ಬಿಎಸ್‌ಡಿ ಪರವಾನಗಿ ಫೋರ್ಕ್ ಮಾಡಲು ಅಡ್ಡಿ ಮಾಡುವುದಿಲ್ಲ, ನಿಜ. ಆದರೆ ಭದ್ರತಾ ಪ್ರಕಟಣೆ ಬಂದಾಗಲೆಲ್ಲ ಅದು ನಮಗೆ ತಟ್ಟುತ್ತದೆಯೇ ಎಂದು ಓದಿ ತೀರ್ಮಾನಿಸುವ ಒಬ್ಬರು ತಂಡದಲ್ಲಿ ಇರಲೇಬೇಕಾಗುತ್ತದೆ. ಯಾವ ಮೂಲವನ್ನು ಅನುಸರಿಸುತ್ತೀರಿ ಎಂಬುದನ್ನೂ ಈಗ ಬರೆದಿಡಬೇಕು: 2024ರ ಫೆಬ್ರವರಿಯಲ್ಲಿ ಎಂಜಿನ್‌ಎಕ್ಸ್‌ನ ಪ್ರಮುಖ ಅಭಿವರ್ಧಕ ಮ್ಯಾಕ್ಸಿಮ್ ಡೌನಿನ್ ಫ್ರೀಎಂಜಿನ್‌ಎಕ್ಸ್ ಎಂಬ ಫೋರ್ಕ್ ಆರಂಭಿಸಿದ ಮೇಲೆ ಮೂಲವೇ ಕವಲೊಡೆದಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರಿಸಾಲ್ವರ್ ಪರಿಹಾರವನ್ನು ಇಂದೇ ಹಾಕುತ್ತೇವೆ. ಸಂರಚನೆ ಬಹಳ ಬೆಳೆದಿರುವುದರಿಂದ ಸದ್ಯಕ್ಕೆ ಫೋರ್ಕ್ ಬಿಡಲಾಗದು. ರೀಬೇಸ್ ಆದ ಕೋಡ್ ಸರಿಯಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 1

ಎಂಜಿನ್‌ಎಕ್ಸ್ ತಂಡದ ಪರೀಕ್ಷೆಗಳು ಪರ್ಲ್ ಭಾಷೆಯಲ್ಲಿ ಪ್ರತ್ಯೇಕ ರೆಪಾಸಿಟರಿಯಾಗಿ ಸಿಗುತ್ತವೆ. ಪರಿಸರ ವೇರಿಯಬಲ್‌ನಲ್ಲಿ ನಿಮ್ಮ ಬೈನರಿಯ (ಕಟ್ಟಿದ ಪ್ರೋಗ್ರಾಂನ) ದಾರಿ ಕೊಟ್ಟರೆ ಅದರ ಮೇಲೆಯೇ ನಡೆಯುತ್ತವೆ. ಅದೇ ಶೈಲಿಯಲ್ಲಿ ನಿಮ್ಮ ಪ್ಯಾಚ್‌ಗೂ ಬರೆಯಿರಿ: ಅನುಮತಿಯಿಲ್ಲದ ಪೋರ್ಟ್‌ಗೆ ಕನೆಕ್ಟ್ ಕೇಳಿದಾಗ, ಹೆಸರು ಸಿಗದಿದ್ದಾಗ, ಸುರಂಗದ ಒಂದು ತುದಿ ಅರ್ಧದಲ್ಲಿ ಮುಚ್ಚಿದಾಗ ಏನಾಗಬೇಕು ಎಂಬುದು ಅದರಲ್ಲಿರಲಿ.

ಬಿಡುಗಡೆಯ ದಿನ ಇನ್ನೊಂದನ್ನು ಗಮನಿಸಿ. ಸೇವೆ ನಿಲ್ಲಿಸದೆ ಬೈನರಿ ಬದಲಿಸಲು ಕಳುಹಿಸುವ ಯುಎಸ್‌ಆರ್2 ಸಂಕೇತದಿಂದ ಹೊಸ ಬೈನರಿ ಎದ್ದು ನಿಂತರೂ, ಹಳೆಯ ವರ್ಕರ್‌ಗಳು ತಮ್ಮ ಸಂಪರ್ಕಗಳು ಮುಗಿಯುವವರೆಗೆ ಉಳಿಯುತ್ತವೆ, ಮತ್ತು ಕನೆಕ್ಟ್ ಸುರಂಗಗಳು ಗಂಟೆಗಟ್ಟಲೆ ತೆರೆದಿರಬಹುದು. ಅಷ್ಟು ಹೊತ್ತು ದೋಷವಿರುವ ಕೋಡ್ ಇನ್ನೂ ಓಡುತ್ತಲೇ ಇರುತ್ತದೆ. ಇದಕ್ಕೆಂದೇ ವರ್ಕರ್ ಶಟ್‌ಡೌನ್ ಟೈಮ್‌ಔಟ್ ನಿರ್ದೇಶನವಿದೆ. ಆದರೆ ಆ ಅವಧಿ ಮುಗಿದಾಗ ಬರುವ ಮುಚ್ಚುವ ಸೂಚನೆಗೆ ನಿಮ್ಮ ಪ್ಯಾಚ್‌ನ ಸುರಂಗದ ಕೋಡ್ ಸ್ಪಂದಿಸುತ್ತದೆಯೇ ಎಂಬುದಕ್ಕೂ ಒಂದು ಪರೀಕ್ಷೆ ಬರೆದೇ ಬಿಡುಗಡೆ ಮಾಡಿ.