ಅಣ್ಣನಿಗೆ ಕಿಡ್ನಿ ಹೋಯಿತು, ಮಗನಿಗೂ ಸಕ್ಕರೆ ಇದೆ. ಇದು ರಕ್ತದಲ್ಲೇ ಬರುತ್ತದಾ?

ಗಂಗಾವತಿಯ ತಾಯಿ:
ನಮ್ಮಣ್ಣನಿಗೆ ಹನ್ನೊಂದನೇ ವಯಸ್ಸಿಗೆ ಟೈಪ್ 1 ಸಕ್ಕರೆ ಬಂತು, 31ಕ್ಕೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ನಾನೇ ಜೊತೆಗೆ ಹೋಗುತ್ತಿದ್ದೆ. ಅವನ ಎಡಗೈಯಲ್ಲಿ ಡಯಾಲಿಸಿಸ್ಸಿಗೆ ಅಂತ ರಕ್ತನಾಳ ಜೋಡಿಸಿದ ಜಾಗ, ಅಂದರೆ ಫಿಸ್ಟುಲಾ ಮೇಲೆ ಬೆರಳಿಟ್ಟರೆ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ ಗುರ್ ಅನ್ನುತ್ತಿತ್ತು. ಹೋದ ವರ್ಷ ತೀರಿಕೊಂಡ.

ನನ್ನ ಮಗನಿಗೆ ಈಗ 14. ಎಂಟನೇ ವಯಸ್ಸಿನಿಂದ ಇನ್ಸುಲಿನ್ ಮೇಲಿದ್ದಾನೆ. "ನಿನ್ನ ತವರಿನ ರಕ್ತ, ಹಂಗೇ ಆಗ್ತದ" ಅಂತಾರೆ ಅತ್ತೆ. ಎಂಜಲು ಕಳಿಸಿದರೆ ಜೀನ್ ನೋಡಿ ಕಿಡ್ನಿಯ ಭವಿಷ್ಯ ಹೇಳುತ್ತೇವೆ ಅಂತ ಒಂದು ಜಾಹೀರಾತು ಬಂದಿದೆ, ಹನ್ನೆರಡು ಸಾವಿರ ಅಂತೆ. ಓಲೆ ಅಡ ಇಟ್ಟಾದರೂ ಮಾಡಿಸಲಾ? ತಿಳಿದವರು ಹೇಳಿ.

ರಾಯಚೂರು, ಲ್ಯಾಬ್ ಕೆಲಸ:
ಅಕ್ಕಾರೆ, ಓಲೆ ಅಡ ಇಡಬೇಡಿ.

ಮನೆತನದಲ್ಲಿ ಬರುತ್ತದೆ ಅನ್ನುವುದು ಸುಳ್ಳಲ್ಲ. 1989ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಸಕ್ಕರೆ ಇರುವ ಒಡಹುಟ್ಟಿದವರನ್ನು ಪರೀಕ್ಷೆ ಮಾಡಿದರು. ಒಬ್ಬರಿಗೆ ಕಿಡ್ನಿ ಕೆಟ್ಟ ಮನೆಗಳಲ್ಲಿ ಉಳಿದ 29 ಜನರ ಪೈಕಿ 24 ಜನರಿಗೆ ಕಿಡ್ನಿ ತೊಂದರೆ ಕಂಡಿತು. ಕೆಡದ ಮನೆಗಳಲ್ಲಿ 12ರಲ್ಲಿ ಇಬ್ಬರಿಗೆ ಮಾತ್ರ. ಆದರೆ ಅದು ಒಡಹುಟ್ಟಿದವರ ಲೆಕ್ಕ, ಮಾವ ಅಳಿಯನದಲ್ಲ. ಒಂದೇ ಮನೆಯವರು ಉಣ್ಣುವುದೂ ಒಂದೇ ಊಟ ಅನ್ನುವುದನ್ನು ಮರೆಯಬೇಡಿ.

ಇನ್ನು ಜೀನ್. 2019ರಲ್ಲಿ ಟೈಪ್ 1 ಇರುವ ಸುಮಾರು 19,000 ಜನರನ್ನು ನೋಡಿದ ಅಧ್ಯಯನ ಬಂತು. ಕಿಡ್ನಿಯ ಜರಡಿಯಂಥ ಪೊರೆಗೆ ಕೊಲಾಜೆನ್ ಅನ್ನುವ ಪ್ರೋಟೀನ್ ಕಟ್ಟುವ ಸಿಒಎಲ್4ಎ3 ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ಇದ್ದವರಿಗೆ ಕಿಡ್ನಿ ಕಾಯಿಲೆ ಕಡಿಮೆ ಇತ್ತು. ಅಂದರೆ ಕೆಡಿಸುವ ಜೀನ್ ಅಷ್ಟೇ ಅಲ್ಲ, ಕಾಯುವ ಜೀನೂ ಇರುತ್ತದೆ. ಆದರೆ ಅವರೆಲ್ಲ ಯುರೋಪ್ ಮೂಲದವರು. ಆ ಲೆಕ್ಕವನ್ನು ತಂದು ಗಂಗಾವತಿ ಹುಡುಗನ ಮೇಲೆ ಕೂರಿಸಿ ಭವಿಷ್ಯ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಸ್ಕ್ಯಾನ್‌ನಲ್ಲಿ ಕಿಡ್ನಿಯೊಳಗೆ ನೀರುಗುಳ್ಳೆ ಕಂಡರೆ ಮಾತು ಬೇರೆ. ಎಚ್‌ಎನ್‌ಎಫ್1ಬಿ ಅನ್ನುವ ಒಂದೇ ಜೀನ್ ಕೆಟ್ಟು ಸಕ್ಕರೆಯೂ ಕಿಡ್ನಿ ತೊಂದರೆಯೂ ಒಟ್ಟಿಗೆ ಬರುವುದುಂಟು. ಆಗ ಡಾಕ್ಟರೇ ಜೀನ್ ಪರೀಕ್ಷೆ ಬರೆಯುತ್ತಾರೆ.

ಮಗನಿಗೆ ವರ್ಷಕ್ಕೊಮ್ಮೆ ಮೂತ್ರದ ಎಸಿಆರ್, ಅಂದರೆ ಕಿಡ್ನಿಯಿಂದ ಪ್ರೋಟೀನ್ ಸ್ವಲ್ಪ ಸೋರಿದರೂ ತೋರಿಸುವ ಪರೀಕ್ಷೆ, ಮಾಡಿಸುತ್ತಿದ್ದೀರಾ? ಟೈಪ್ 1 ಬಂದು ಐದು ವರ್ಷವಾಗಿ, ಹತ್ತು ವಯಸ್ಸು ದಾಟಿದ ಮಕ್ಕಳಿಗೆ ಅದು ಬೇಕೇ ಬೇಕು.

ಸಿಂಧನೂರು, 24 ವರ್ಷದಿಂದ ಇನ್ಸುಲಿನ್:
ಅಕ್ಕ, ನನ್ನ ಕತಿ ಕೇಳ್ರಿ. ಹದಿನೇಳಕ್ಕ ಮೂತ್ರದಾಗ ಪಟ್ಟಿ ಅದ್ದಿ ನೋಡಿ "ಪ್ರೋಟೀನ್ ಇಲ್ಲ, ಆರಾಮಿದ್ದಿ" ಅಂದ್ರು. ಬ್ಯಾರೆ ಕಡೆ ಎಸಿಆರ್ ಮಾಡ್ಸಿದ್ರ 64 ಬಂತು. 30ರ ಒಳಗ ಇರಬೇಕಾದ್ದು. ಪಟ್ಟಿಗೆ ಅಷ್ಟು ಸಣ್ಣ ಸೋರಿಕಿ ಕಾಣಂಗಿಲ್ಲ. ಆರು ತಿಂಗಳಾಗ ಮತ್ತ ಎರಡು ಸಲ ನೋಡಿ, ಬಿಪಿ ಗುಳಿಗಿ ರಾಮಿಪ್ರಿಲ್ ಹಚ್ಚಿದ್ರು. ಬಿಪಿ ಇರಲಿಲ್ಲ, ಕಿಡ್ನಿ ಕಾಯಾಕ. ಸಕ್ಕರಿನೂ ಹಿಡಿತಕ್ಕ ತಂದೆ. ಈಗ ಎಸಿಆರ್ 22 ಐತಿ.

ನಮ್ಮ ಕಾಕಾನೂ ಡಯಾಲಿಸಿಸ್ ಮ್ಯಾಲೇ ಹೋದಾವ. ರಕ್ತ ಅದೇ ರೀ. ಹೊತ್ತಿಗೆ ಸರಿಯಾಗಿ ನೋಡಿಕೊಂಡದ್ದಕ್ಕ ನಾ ಉಳಿದೀನಿ. ಒಂದು ಮಾತು, ಬ್ಯಾಸಿಗ್ಯಾಗ ಮೈಕೈ ನೋವು ಅಂತ ಅಂಗಡಿಯಿಂದ ನೋವಿನ ಗುಳಿಗಿ ತಂದು ಹುಡುಗಗ ಕೊಡಬ್ಯಾಡ್ರಿ.

ಗಂಗಾವತಿಯ ತಾಯಿ:
ಈಗಷ್ಟೇ ಅವನ ಫೈಲ್ ಹರವಿಕೊಂಡು ಕೂತಿದ್ದೆ. ಆರು ವರ್ಷದ ಕಾಗದದಲ್ಲಿ ಎಸಿಆರ್ ಒಂದೂ ಇಲ್ಲ, ಬರೀ ಪಟ್ಟಿಯ ರಿಪೋರ್ಟು. ಅಣ್ಣನ ಫೈಲೂ ಹೀಗೇ ಇತ್ತು. ಆಗ ನನಗೆ ಕೇಳುವುದು ಗೊತ್ತಿರಲಿಲ್ಲ. ನಾಳೆ ಬೆಳಗಿನ ಮೊದಲ ಮೂತ್ರ ಕೊಟ್ಟು ಬರೋಣ ಅಂತಿದ್ದೇನೆ. ಇವತ್ತು ಸಂಜೆ ಕಬಡ್ಡಿ ಆಡಿ ಬಂದಿದ್ದಾನೆ, ಅದರಿಂದ ಏನಾದರೂ ತೊಂದರೆಯಾ?

ರಾಯಚೂರು, ಲ್ಯಾಬ್ ಕೆಲಸ:
ಜೋರಾಗಿ ಆಡಿದ ಮರುದಿನ ಕೊಟ್ಟರೆ ಹೆಚ್ಚು ತೋರಿಸಬಹುದು. ನಾಳೆ ಆಟ ಬೇಡ ಅನ್ನಿ, ನಾಡಿದ್ದು ಬೆಳಗ್ಗೆ ಕೊಡಿ. ಜ್ವರ ಇದ್ದರೂ ಮುಂದೂಡಿ. ರಿಪೋರ್ಟ್ ಬಂದಮೇಲೆ ಇಲ್ಲೇ ಹಾಕಿ ಅಕ್ಕಾರೆ, ನೋಡ್ತೀನಿ.